ದೂರು ಹೇಳದ ಕುರ್ಚಿ

ಚಿಕ್ಕಮ್ಮನ ಸಂದರ್ಶನಕ್ಕೆ ಇನ್ನು ಐದೇ ದಿನ. ಮೇಲೆ ಬೂದು ಬಣ್ಣದ ಕೋಟು, ಕಾಲಲ್ಲಿ ಮನೆಯ ರಬ್ಬರ್ ಚಪ್ಪಲಿ, ಎದುರಿಗೆ ಒಂದು ಲೋಟ ನೀರು. ಶನಿವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅವಳು ಊಟದ ಮೇಜಿನ ಒಂದು ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಇನ್ನೊಂದು ತುದಿಯಲ್ಲಿ ಪ್ರಶ್ನೆ ಕೇಳಲು ಕುಳಿತವಳು ಅವಳ ಅಕ್ಕನ ಮಗಳು. ಎಂ.ಎ. ಮುಗಿಸಿ ಎಂಟು ತಿಂಗಳಾಗಿತ್ತು. ಬಸ್ಸಿನಲ್ಲಿ ತನ್ನ ಸ್ಟಾಪ್ ಬಂದರೆ ‘ಇಳೀಬೇಕು’ ಎನ್ನಲು ಬಾಯಿ ಬಾರದೆ, ಮುಂದಿನ ಸ್ಟಾಪಿನಲ್ಲಿ ಇನ್ಯಾರೋ ಇಳಿದಾಗ ಅವರ ಹಿಂದೆ ಇಳಿದು, ನಡೆದುಕೊಂಡು ವಾಪಸ್ ಬರುವಂಥ ಹುಡುಗಿ. ಚಿಕ್ಕಪ್ಪ ಅವಳಿಗೆ ಇಟ್ಟ ಹೆಸರೇ ಪಿಸು. ಬಾಯಲ್ಲಿ ಆಡದ್ದನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅದರಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಜಾಸ್ತಿ.

“ಅಧ್ಯಕ್ಷರೇ, ಶುರು ಮಾಡಿ,” ಎಂದಳು ಚಿಕ್ಕಮ್ಮ.

“ಚಿಕ್ಕಮ್ಮ, ನೀನು ಯಾಕೆ ಈ ಕೆಲಸಕ್ಕೆ...”

“ಚಿಕ್ಕಮ್ಮ ಅಲ್ಲ ಕಣೇ, ನಾನು ಅಭ್ಯರ್ಥಿ. ನೀವು ಅನ್ನು. ಸ್ವಲ್ಪ ಗತ್ತು ಇರ್ಲಿ.”

“ನೀವು ಯಾಕೆ ಈ ಕೆಲಸಕ್ಕೆ ಅರ್ಜಿ ಹಾಕಿದ್ರಿ?” ಎಂದಳು ಪಿಸು, ತಲೆ ತಗ್ಗಿಸಿಯೇ.

“ಅಧ್ಯಕ್ಷರು ಮೇಜಿಗೆ ಕೇಳ್ತಿದ್ದಾರೋ ಮನುಷ್ಯರಿಗೆ ಕೇಳ್ತಿದ್ದಾರೋ?” ಎಂದು ಕಿಟಕಿಯ ಬಳಿ ಶೂ ಉಜ್ಜುತ್ತಿದ್ದ ಚಿಕ್ಕಪ್ಪ ಮೂಗು ತೂರಿಸಿದ. ಅವನು ಕಾರು ಕಲಿಸುವ ಮೇಷ್ಟ್ರು. ಇಪ್ಪತ್ತು ವರ್ಷ ಕಲಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತು ಅಭ್ಯಾಸವಾಗಿ, ಮನೆಯಲ್ಲೂ ಯಾರಾದರೂ ಮಾತಿನಲ್ಲಿ ಅತಿಯಾಗಿ ಮುಂದೆ ಹೋದರೆ ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಚಿಕ್ಕಮ್ಮ ಕೆಲಸ ಮಾಡುತ್ತಿದ್ದದ್ದು ನಡೆಯಲಾಗದವರಿಗೆ ಗಾಲಿಕುರ್ಚಿ, ಊರುಗೋಲು, ಮಂಚ ಎಲ್ಲವನ್ನೂ ಉಚಿತವಾಗಿ ಕೊಟ್ಟು, ಬೇಡವಾದಾಗ ವಾಪಸ್ ತಂದು, ರಿಪೇರಿ ಮಾಡಿ ಮತ್ತೊಬ್ಬರಿಗೆ ಕೊಡುವ ಒಂದು ಸೇವಾ ಸಂಸ್ಥೆಯಲ್ಲಿ. ಹತ್ತೊಂಬತ್ತು ವರ್ಷದ ಹಿಂದೆ ಚೀಟಿ ಬರೆಯಲು ಸೇರಿದವಳು ಈಗ ರಿಪೇರಿ ಮತ್ತು ವಿತರಣೆ ವಿಭಾಗದ ಮುಖ್ಯಸ್ಥೆ. ಇಡೀ ಸಂಸ್ಥೆಯ ನಿರ್ದೇಶಕರ ಹುದ್ದೆ ಖಾಲಿಯಾಗಿತ್ತು. ಐದು ವರ್ಷದ ಹಿಂದೆಯೂ ಆಗಿತ್ತು. ಆಗ ಚಿಕ್ಕಮ್ಮ ಉತ್ತರಗಳನ್ನೆಲ್ಲ ಗಿಣಿಪಾಠ ಮಾಡಿಕೊಂಡು ಹೋಗಿದ್ದಳು. ಮೂರನೆಯ ಪ್ರಶ್ನೆಯ ನಡುವೆ ಒಂದು ಸಾಲು ಮರೆತುಹೋಗಿ, ಪದ್ಯ ತಪ್ಪಿದ ಮಗುವಿನ ಹಾಗೆ, ಐದು ಜನರ ಎದುರು ಮತ್ತೆ ಮೊದಲಿನಿಂದ ಒಪ್ಪಿಸಲು ಶುರು ಮಾಡಿದ್ದಳಂತೆ. ಯಾರೂ ನಗಲಿಲ್ಲ ಎಂಬುದೇ ಅವಳಿಗೆ ಹೆಚ್ಚು ನಾಟಿತ್ತು.

“ಇದೇ ಕೊನೆ,” ಎಂದಿದ್ದಳು ಅರ್ಜಿ ಹಾಕಿದ ದಿನ. “ಮುಂದಿನ ಸಲ ಜಾಗ ಖಾಲಿ ಆಗೋ ಹೊತ್ತಿಗೆ ನಂಗೆ ನಿವೃತ್ತಿ. ಈ ಸಲ ಆಗ್ಲೇಬೇಕು.”

ಸಂದರ್ಶನದ ಪತ್ರದ ಜೊತೆ ಯಾವ ಯಾವ ವಿಷಯ ಕೇಳುತ್ತೇವೆ ಎಂಬ ಸೂಚನೆಯೂ ಬಂದಿತ್ತು. ಮೂರನೆಯದು: ನೀವು ತೆಗೆದುಕೊಂಡ ಒಂದು ತಪ್ಪು ನಿರ್ಧಾರದ ಬಗ್ಗೆ ಹೇಳಿ. ಇದಕ್ಕೆ ಮಹಡಿ ಸಾಹೇಬರು ಉತ್ತರ ಸಿದ್ಧ ಮಾಡಿಕೊಟ್ಟಿದ್ದರು. ಮೇಲಿನ ಮನೆಯಲ್ಲಿದ್ದ, ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿಯಾಗಿ ನಿವೃತ್ತರಾದ, ನೂರಾರು ಜನರನ್ನು ಸಂದರ್ಶನ ಮಾಡಿ ಮುಗಿಸಿದ್ದ ಹಿರಿಯರು ಅವರು.

“ಎಲ್ಲಾ ಕೆಲ್ಸ ನಾನೇ ಮಾಡ್ಬೇಕು ಅಂತ ಮೈಮೇಲೆ ಹಾಕ್ಕೊಂಡೆ. ಆಮೇಲೆ ಬೇರೆಯವರಿಗೂ ಹಂಚೋದು ಕಲಿತೆ,” ಎಂದು ಚಿಕ್ಕಮ್ಮ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಒಂದು ಗುಟುಕು ನೀರು ಕುಡಿದಳು.

“ಅದು ತಪ್ಪಾ?” ಎಂದಳು ಪಿಸು.

“ತಪ್ಪಿನ ಥರ ಕಾಣ್ಬೇಕು, ತಪ್ಪಾಗಿರಬಾರ್ದು. ಸಾಹೇಬ್ರು ಹಾಗೇ ಹೇಳಿದ್ದಾರೆ.”

“ಹಿಂದಿನ ಗಾಡಿಯವನಿಗೆ ಎಡಕ್ಕೆ ಸಿಗ್ನಲ್ ತೋರ್ಸಿ ನೇರ ಹೋಗೋ ಹಾಗೆ,” ಎಂದ ಚಿಕ್ಕಪ್ಪ.

“ರೀ, ನೀವು ಶೂ ಉಜ್ಜಿ.”

ಪಿಸು ಮುಂದಿನ ಪ್ರಶ್ನೆಗೆ ಹೋದಳು. ನಿಮ್ಮ ಅತಿ ದೊಡ್ಡ ಸಾಧನೆ ಯಾವುದು? ಚಿಕ್ಕಮ್ಮನ ಮುಖ ಅರಳಿತು. ಅದು ಅರ್ಜಿಯ ಮೊದಲ ಪುಟದಲ್ಲೇ ಇತ್ತು: ಆರು ತಿಂಗಳ ನಿಯಮ. ಏಳು ವರ್ಷದ ಹಿಂದೆ ನೂರಕ್ಕೂ ಹೆಚ್ಚು ಜನ ಕುರ್ಚಿಗಾಗಿ ಸರದಿಯಲ್ಲಿ ಕಾಯುತ್ತಿದ್ದರು, ಸಂಸ್ಥೆಯಲ್ಲಿ ಕುರ್ಚಿ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಬೇಡವಾದ ಕುರ್ಚಿಗಳು ಮೂಲೆ ಸೇರಿ ಧೂಳು ತಿನ್ನುತ್ತಿದ್ದವು. ಉಪಯೋಗಿಸುವ ಕುರ್ಚಿ ಸುಮ್ಮನಿರುವುದಿಲ್ಲ. ಟೈರು ಸವೆಯುತ್ತದೆ, ಬೇರಿಂಗ್ ಕಿರುಗುಟ್ಟುತ್ತದೆ, ಬ್ರೇಕ್ ಸಡಿಲವಾಗುತ್ತದೆ, ಮನೆಯವರು ರಿಪೇರಿಗೆ ಫೋನ್ ಮಾಡುತ್ತಾರೆ. ಆರು ತಿಂಗಳು ಒಂದು ಫೋನೂ ಬರದಿದ್ದರೆ ಕುರ್ಚಿ ಸುಮ್ಮನೆ ನಿಂತಿದೆ ಎಂದು ಲೆಕ್ಕ. ವ್ಯಾನು ಕಳಿಸಿ ತರಿಸುವುದು.

“ಒಂದೇ ವರ್ಷದಲ್ಲಿ ನಲವತ್ತೊಂದು ಕುರ್ಚಿ ಬಂತು. ಸರದಿ ಅರ್ಧಕ್ಕಿಳೀತು. ಅಧ್ಯಕ್ಷರೇ, ಬೇರೆ ಸಂಸ್ಥೆಯವರು ಬಂದು ನೋಡ್ಕೊಂಡು ಹೋದ್ರು ಇದನ್ನ.”

ಪಿಸುವಿಗೆ ಕುತೂಹಲ ಹುಟ್ಟಿತು. ಮೇಜಿನ ಈ ಬದಿಯಲ್ಲಿ ಕುಳಿತರೆ ಪ್ರಶ್ನೆ ಕೇಳುವುದು ಇಷ್ಟು ಸಲೀಸು ಎಂದು ಅವಳಿಗೆ ಗೊತ್ತಿರಲಿಲ್ಲ. “ಆ ನಲವತ್ತೊಂದು ಜನ ಯಾರು?”

“ಅಂದ್ರೆ?”

“ಕುರ್ಚಿ ವಾಪಸ್ ಕೊಟ್ಟವರು. ಬಳಸ್ತಾನೂ ಇದ್ದು, ಫೋನೂ ಮಾಡದೇ ಇದ್ದವರು ಯಾರಾದ್ರೂ ಇದ್ರೆ?”

ಚಿಕ್ಕಪ್ಪನ ಬಲಗಾಲು ನೆಲ ಒತ್ತಿತು. ಚಿಕ್ಕಮ್ಮ ಎದ್ದಳು. “ಒಲೆ ಮೇಲೆ ಹಾಲಿದೆ,” ಎಂದು ಒಳಗೆ ಹೋದವಳು ಆ ದಿನ ಮತ್ತೆ ಮೇಜಿಗೆ ಬರಲಿಲ್ಲ. ಒಲೆಯ ಮೇಲೆ ಹಾಲು ಇರಲಿಲ್ಲ. ಪಿಸು ಅದನ್ನು ಆಮೇಲೆ ಹೋಗಿ ನೋಡಿದಳು.

ಸೋಮವಾರ ಚಿಕ್ಕಮ್ಮ ತಾನಾಗಿಯೇ ಕರೆದಳು: “ಕೆಲ್ಸ ಏನು ಅಂತ ಗೊತ್ತಿಲ್ದೆ ಏನು ಪ್ರಶ್ನೆ ಕೇಳ್ತೀಯ? ಬಾ.”

ರಿಪೇರಿ ಕೋಣೆ ಉದ್ದಕ್ಕೆ, ತಗಡಿನ ಮಾಡಿನ ಕೆಳಗೆ ಇತ್ತು. ಗೋಡೆಯ ಮೇಲೆ ಗಾಲಿಗಳು, ಕೊಕ್ಕೆಗೆ ಬೆಲ್ಟುಗಳು, ಡಬ್ಬಿಗಳಲ್ಲಿ ಅಳತೆಯ ಪ್ರಕಾರ ನಟ್ಟು ಬೋಲ್ಟು. ರಬ್ಬರು, ಗ್ರೀಸು ಮತ್ತು ಸೋಪಿನ ನೀರು ಕೂಡಿದ ವಾಸನೆ. ಅಲ್ಲಿಗೊಂದು ಪದ್ಧತಿ ಇತ್ತು. ರಿಪೇರಿಯಾದ ಕುರ್ಚಿ ಹೊರಗೆ ಹೋಗುವ ಮೊದಲು ಕೆಲಸದವರಲ್ಲಿ ಒಬ್ಬರು ಅದರಲ್ಲಿ ಕುಳಿತು ಒಂದು ಇಡೀ ಬೆಳಗನ್ನು ಕಳೆಯಬೇಕು. ಫೈಲು ತರುವುದು, ಟೀ ಕುಡಿಯುವುದು, ಫೋನ್ ಎತ್ತುವುದು ಎಲ್ಲ ಅದರಲ್ಲೇ. ಏಳುವ ಹಾಗಿಲ್ಲ. ‘ಕೂತು ನೋಡೋದು’ ಎಂದು ಅದಕ್ಕೆ ಹೆಸರು. ಮಾಡಿಟ್ಟವಳು ಚಿಕ್ಕಮ್ಮನೇ.

“ಇವತ್ತು ಇವಳು ಕೂರ್ಲಿ,” ಎಂದಳು ಚಿಕ್ಕಮ್ಮ. ಪಿಸು ಕುಳಿತಳು.

ಹತ್ತು ನಿಮಿಷದಲ್ಲಿ ಅವಳಿಗೆ ಗೊತ್ತಾಯಿತು: ಕೋಣೆ ಬೇರೆಯಾಗಿದೆ. ಬಾಗಿಲ ಅರ್ಧ ಇಂಚಿನ ಹೊಸ್ತಿಲು ಗೋಡೆಯಾಗಿತ್ತು. ಎಲ್ಲರ ಮಾತೂ ಅವಳ ತಲೆಯ ಮೇಲಿನಿಂದ ಹಾದುಹೋಗುತ್ತಿತ್ತು. ಪತ್ರ ತಂದವನೊಬ್ಬ “ಇವ್ರಿಗೆ ನೀರು ಬೇಕಾ?” ಎಂದು ಅವಳ ಬಗ್ಗೆ ಇನ್ಯಾರನ್ನೋ ಕೇಳಿದ. ಬೇಕಾಗಿತ್ತು. ಅವಳು ಹೇಳಲಿಲ್ಲ. ಇನ್ನೊಬ್ಬರು “ಬೇಡ ಅನ್ಸುತ್ತೆ” ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಅವಳ ಪಕ್ಕ ಸ್ಟೂಲು ಎಳೆದು ಕುಳಿತ. ದಪ್ಪ ಕನ್ನಡಕದ, ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಳ್ಳುವ ಮನುಷ್ಯ. ಅಲ್ಲಿ ಕೈಗೆ ಬರುವ ಪ್ರತಿಯೊಂದು ಕುರ್ಚಿಯ ನಾಡಿ ಹಿಡಿಯುವವನು ಅವನೇ.

“ಹೆಂಗಿದೆ ಗಾಡಿ?”

“ಎಡಕ್ಕೆ ಎಳೆಯುತ್ತೆ,” ಎಂದಳು. ಎತ್ತರದಲ್ಲಿ ಸಮವಾಗಿ ಕುಳಿತವರ ಹತ್ತಿರ ಮಾತು ಸುಲಭವಾಗಿತ್ತು. ಅವಳು ಮುಂದುವರಿದಳು. “ಮೇಸ್ತ್ರಿ, ಆರು ತಿಂಗಳ ನಿಯಮದಲ್ಲಿ ಬಂದ್ವಲ್ಲ ಕುರ್ಚಿಗಳು, ಅವು ಹೇಗಿದ್ವು?”

ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. “ಎಲ್ಲಾ ನಿಂತ ಗಾಡಿಗಳೇ. ಜೇಡ ಗೂಡು ಕಟ್ಟಿತ್ತು ಒಂದ್ರಲ್ಲಿ. ಒಂದು ಮಾತ್ರ ಬೇರೆ. ಟೈರು ನೋಡಿದ್ರೆ ದಿನಾ ಓಡಿದೆ. ಬೇರಿಂಗ್ ನೋಡಿದ್ರೆ ನಾನು ಹಾಕಿದ್ದಕ್ಕಿಂತ ಚೊಕ್ಕಟ. ಎಣ್ಣೆ ಕೂಡ ನಮ್ದಲ್ಲ. ತೆಳ್ಳಗೆ, ಒಳ್ಳೇ ಎಣ್ಣೆ. ನಂಗೆ ಹೊಟ್ಟೆಕಿಚ್ಚೇ ಬಂತು ನೋಡಿ.”

“ಆಮೇಲೆ?”

“ಆಮೇಲೆ ಮೇಡಂಗೆ ಹೇಳ್ದೆ. ಮಿಕ್ಕಿದ್ದು ಅವ್ರನ್ನೇ ಕೇಳಿ. ಅವ್ರ ಬಾಯಿಂದ ಬರ್ಲಿ.”

ಕೇಳಲು ಅವಳಿಗೆ ಒಂದು ದಿನ ಬೇಕಾಯಿತು. ಮಂಗಳವಾರ ಸಂಜೆ ಮತ್ತೆ ಮೇಜು, ನೀರು, ಕೋಟು. ಈ ಸಲ ಮಹಡಿ ಸಾಹೇಬರೂ ಬಿಸ್ಕೆಟ್ ತಟ್ಟೆಯ ಪಕ್ಕ ಆಸೀನರಾಗಿದ್ದರು. ಮೂರನೆಯ ಪ್ರಶ್ನೆ ಬಂತು. ಚಿಕ್ಕಮ್ಮ “ಎಲ್ಲಾ ಕೆಲ್ಸ ನಾನೇ...” ಎಂದು ಶುರು ಮಾಡಿದಳು.

“ಬೇರಿಂಗ್ ಚೊಕ್ಕಟ ಇದ್ದ ಕುರ್ಚಿ ಯಾರದ್ದು?” ಎಂದು ಪಿಸು ಕೇಳಿಯೇಬಿಟ್ಟಳು.

ಚಿಕ್ಕಮ್ಮ ನೀರಿನ ಲೋಟವನ್ನು ಒಂದು ಸುತ್ತು ತಿರುಗಿಸಿದಳು. ಮೆಲ್ಲಗೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

“ಗಡಿಯಾರ ರಿಪೇರಿ ಮಾಡೋರು ಒಬ್ರು. ಎರಡೂ ಕಾಲಿಲ್ಲ. ಮನೆಯಿಂದ ಎರಡು ಬೀದಿ ಆಚೆ ಅಂಗಡಿ. ದಿನಾ ತಾವೇ ತಳ್ಕೊಂಡು ಹೋಗ್ತಿದ್ರು. ಕುರ್ಚಿ ರಿಪೇರಿನೂ ತಾವೇ ಮಾಡ್ಕೋತಿದ್ರು, ಗಡಿಯಾರದ ಎಣ್ಣೆ ಹಾಕಿ. ನಮಗ್ಯಾಕೆ ಫೋನ್ ಮಾಡ್ತಾರೆ? ವ್ಯಾನಿನವರು ಹೋದಾಗ ಒಂದು ಭಾನುವಾರ. ಅವ್ರು ಒಳಗೆ ಮಲಗಿದ್ರು, ಕುರ್ಚಿ ಮಡಚಿ ಬಾಗಿಲ ಹತ್ರ ಇತ್ತು. ಸೊಸೆ ಸಹಿ ಹಾಕಿ ಕೊಟ್ಲು. ಸಂಸ್ಥೆಯವರು ಬಂದು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ ಅಂದ್ಕೊಂಡ್ಲಂತೆ. ಹನ್ನೊಂದು ದಿನ. ಮೇಸ್ತ್ರಿ ಬೇರಿಂಗ್ ಬಿಚ್ಚಿ ನೋಡೋವರೆಗೂ ಹನ್ನೊಂದು ದಿನ ಅವ್ರು ಅಂಗಡಿ ಬಾಗಿಲು ತೆಗೀಲಿಲ್ಲ.”

“ನೀನು ಏನ್ ಮಾಡ್ದೆ?”

“ನಾನೇ ತಗೊಂಡು ಹೋಗಿ ಕೊಟ್ಟೆ. ಬೈತಾರೆ ಅಂದ್ಕೊಂಡು ಹೋದ್ರೆ, ‘ನಿಮ್ಗೆ ಬೇಕಾಗಿತ್ತೇನೋ, ಅದಕ್ಕೇ ಸುಮ್ನಿದ್ದೆ’ ಅಂದ್ರು. ದಾಖಲೆಯಲ್ಲಿ ‘ಸರ್ವೀಸಿಗೆ ತಂದು ವಾಪಸ್ ಕೊಟ್ಟಿದೆ’ ಅಂತ ಬರೆದೆ. ಆಮೇಲೆ, ಐದು ತಿಂಗಳು ಫೋನ್ ಬರದೇ ಇದ್ದ ಮನೆಗಳಿಗೆಲ್ಲ ನಾನೇ ಫೋನ್ ಮಾಡಿ ಕೇಳೋಕೆ ಶುರು ಮಾಡ್ದೆ. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ. ಇವರಿಗೂ.” ಚಿಕ್ಕಪ್ಪನ ಕಡೆ ನೋಡಿದಳು.

ಚಿಕ್ಕಪ್ಪನಿಗೆ ಜೋಕು ಹೊಳೆಯಲಿಲ್ಲ. ಅವನ ಕಾಲೂ ಅಲ್ಲಾಡಲಿಲ್ಲ.

ಸಾಹೇಬರು ಬಿಸ್ಕೆಟ್ಟಿನ ಪುಡಿ ಕೊಡವಿಕೊಂಡರು. “ನೋಡಮ್ಮ, ಇದನ್ನ ಅಲ್ಲಿ ಬಾಯಿಬಿಟ್ರೆ ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡಂಗೆ. ನಿನ್ನ ಅರ್ಜಿಯ ಜೀವಾನೇ ಆ ನಿಯಮ. ಅದಕ್ಕೇ ತೂತು ಕೊರೀತೀಯ? ಎದುರಿಗೆ ಇನ್ನೊಬ್ಬ ಇರ್ತಾನೆ, ತೂತಿಲ್ಲದವನು.”

“ಅವನಿಗೂ ಇರುತ್ತೆ ಸಾಹೇಬ್ರೇ.”

“ಇರುತ್ತೆ. ಆದ್ರೆ ಅವನ ಮನೇಲಿ ಇಂಥ ಅಧ್ಯಕ್ಷೆ ಇರಲ್ಲ.”

ಎಲ್ಲರೂ ಪಿಸುವಿನ ಕಡೆ ತಿರುಗಿದರು. ಅವಳಿಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಎನಿಸಿತು. ತಾನು ಕೆದಕಿದ್ದರಿಂದಲೇ ಈ ಸಲವೂ ಕೈತಪ್ಪಿದರೆ? ಆದರೆ ಒಂದನ್ನು ಅವಳು ಗಮನಿಸಿದ್ದಳು. ಆ ಹನ್ನೊಂದು ದಿನದ ಮಾತು ಹೇಳುವಾಗ ಚಿಕ್ಕಮ್ಮ ಒಂದು ಸಾಲನ್ನೂ ಮರೆಯಲಿಲ್ಲ.

“ನೀನು ಏನ್ ಹೇಳ್ಬೇಕು ಅಂತ ನಂಗೊತ್ತಿಲ್ಲ, ಚಿಕ್ಕಮ್ಮ,” ಎಂದಳು. “ಇದನ್ನ ಹೇಳೋವಾಗ ಮಾತ್ರ ನೀನು ನೀರು ಕುಡೀಲಿಲ್ಲ.”

ಗುರುವಾರ ಹನ್ನೊಂದಕ್ಕೆ ಸಂದರ್ಶನ. ಚಿಕ್ಕಪ್ಪ ಎಲ್ಲರನ್ನೂ ಕಲಿಕೆಯ ಕಾರಿನಲ್ಲೇ ಕರೆದುಕೊಂಡು ಹೋದ, ಕಾರಿನ ತಲೆಯ ಮೇಲೆ ‘ಎಲ್’ ಎಂಬ ದೊಡ್ಡ ಕೆಂಪು ಫಲಕದ ಸಮೇತ. “ಇದರಲ್ಲಿ ಬಂದಿಳಿದ್ರೆ ನಾನಿನ್ನೂ ಕಲೀತಿದೀನಿ ಅಂದ್ಕೋತಾರೆ ರೀ,” ಎಂದು ಚಿಕ್ಕಮ್ಮ ಗೊಣಗಿದಳು. “ಅಂದ್ಕೊಳ್ಳಲಿ ಬಿಡೇ,” ಎಂದ ಅವನು.

ಪಿಸು ಮೇಲಿನ ಕಾರಿಡಾರಿನಲ್ಲಿ ಕಾಯುತ್ತಾ ಕುಳಿತಳು. ಬಾಗಿಲಿನ ಗಾಜು ಮಬ್ಬು. ಒಳಗಿನವರ ನೆರಳಷ್ಟೇ ಕಾಣುತ್ತಿತ್ತು, ಐದು ಒಂದು ಕಡೆ, ಒಂದು ಇನ್ನೊಂದು ಕಡೆ. ಏನು ಕೇಳುತ್ತಿರಬಹುದು? ಅವರಲ್ಲಿ ಯಾರು ಕೇಳುತ್ತಾರೆ, ಯಾರು ಸುಮ್ಮನೆ ತಲೆಯಾಡಿಸುತ್ತಾರೆ? ಅರ್ಧ ಗಂಟೆ ಎಂದಿದ್ದರು, ಐವತ್ತು ನಿಮಿಷವಾಯಿತು. ಬಾಗಿಲು ತೆರೆದಾಗ ಚಿಕ್ಕಮ್ಮನ ಮುಖ ಬೆಳ್ಳಗಾಗಿತ್ತು. ಇಬ್ಬರೂ ಮೆಟ್ಟಿಲು ಇಳಿದರು. ಕಾರಿನ ಬಾಗಿಲು ಹಾಕಿದ ಮೇಲೆ ಹೇಳಿದಳು.

“ಹೇಳ್ದೆ. ಎಲ್ಲಾ. ಹನ್ನೊಂದು ದಿನ, ದಾಖಲೆಯಲ್ಲಿ ಸುಳ್ಳು ಬರೆದದ್ದು, ಎಲ್ಲಾ.”

“ಏನಂದ್ರು?” ಎಂದ ಚಿಕ್ಕಪ್ಪ.

“ನಾಲ್ಕು ಜನ ಏನೂ ಅನ್ಲಿಲ್ಲ. ಕೊನೇಲಿ ಕೂತಿದ್ದ ಹೆಂಗಸು, ಅಧ್ಯಕ್ಷರು ಅವರೇ, ಪೆನ್ನು ಕೆಳಗಿಟ್ಟು ಕೇಳಿದ್ರು: ‘ಒಂದು ಕುರ್ಚಿ ಮೇಸ್ತ್ರಿ ಕಣ್ಣಿಗೆ ಬಿತ್ತು. ಮಿಕ್ಕ ನಲವತ್ತು ಮನೆಗೆ ಯಾರಾದ್ರೂ ಹೋಗಿ ನೋಡಿದ್ರಾ?’” ಚಿಕ್ಕಮ್ಮ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಇಲ್ಲ ಅಂದೆ. ಬೇರೇನು ಹೇಳ್ಲಿ? ಮಿಕ್ಕವು ನಿಂತ ಗಾಡಿಗಳು ಅಂತ ನಾವು ಗಾಡಿ ನೋಡಿ ತೀರ್ಮಾನ ಮಾಡಿದ್ವಿ. ಜನರನ್ನ ನೋಡ್ಲಿಲ್ಲ. ಏಳು ವರ್ಷ ಈ ಪ್ರಶ್ನೆ ನನ್ನ ತಲೆಗೇ ಬರ್ಲಿಲ್ಲ ಕಣೇ.”

ಪಿಸುವಿಗೆ ನಾಚಿಕೆಯಾಯಿತು, ಜೊತೆಗೆ ಒಂಥರಾ ಬೆರಗೂ ಆಯಿತು. ಯಾರು, ಯಾರದ್ದು ಎಂದು ಅವಳು ಎರಡು ಸಲ ಕೇಳಿದ್ದಳು. ಒಂದು ಕುರ್ಚಿಯ ಕತೆ ಸಿಕ್ಕ ಕೂಡಲೇ ತೃಪ್ತಳಾಗಿ ನಿಂತುಬಿಟ್ಟಿದ್ದಳು. ಆ ಹೆಂಗಸು ಅಲ್ಲಿಂದ ಮುಂದಕ್ಕೆ ಹೋಗಿದ್ದರು.

“ಹೋಯ್ತು ಬಿಡಿ,” ಎಂದಳು ಚಿಕ್ಕಮ್ಮ. “ಗಾಡಿ ತೆಗೀರಿ.”

ಶನಿವಾರ ಬೆಳಿಗ್ಗೆ ಫೋನು ಬಂತು. ಚಿಕ್ಕಮ್ಮ ನಿಂತೇ ಮಾತಾಡಿದಳು. ಹ್ಞೂಂ, ಸರಿ, ಆಗ್ಲಿ ಎಂಬ ಮೂರು ಮಾತು ಬಿಟ್ಟರೆ ಅವಳ ಬಾಯಿಂದ ಬೇರೇನೂ ಬರಲಿಲ್ಲ. ಫೋನಿಟ್ಟು ನೆಲದ ಮೇಲೇ ಕುಳಿತಳು. ಸಿಕ್ಕಿತ್ತು. ಐವರಲ್ಲಿ ಇಬ್ಬರು ಒಪ್ಪಿರಲಿಲ್ಲವಂತೆ, ಅದನ್ನೂ ಅಧ್ಯಕ್ಷರು ಮುಚ್ಚಿಡದೆ ಹೇಳಿದರಂತೆ. ಇನ್ನೊಂದು ಮಾತೂ ಇತ್ತು: ಒಂದನೇ ತಾರೀಖು ಅಧಿಕಾರ ವಹಿಸಿಕೊಳ್ಳುವ ಮೊದಲು ನಲವತ್ತು ಮನೆಗಳ ಸಂಗತಿ ಲಿಖಿತವಾಗಿ ಬರಬೇಕು. ಏನೇ ಇದ್ದರೂ.

ಚಿಕ್ಕಪ್ಪ ಕುಣಿದಾಡಿ, ಮಹಡಿ ಸಾಹೇಬರನ್ನು ಕೂಗಿ, ಸಾಹೇಬರು ಬಂದು “ನಾನು ಮೊದಲೇ ಹೇಳಿದ್ದೆ” ಎಂದು, ಎಲ್ಲರೂ ಅವರ ಮುಖ ನೋಡಿ, ಅವರು “ಅಂದ್ರೆ, ಮನಸ್ಸಿನಲ್ಲಿ” ಎಂದು ಸೇರಿಸಿದ ಮೇಲೆ, ಚಿಕ್ಕಮ್ಮ ಕಚೇರಿಯಿಂದ ಹಳೆಯ ಪಟ್ಟಿ ತಂದು ಮೇಜಿನ ಮೇಲೆ ಹರಡಿದಳು. ಅರ್ಧ ತನಗೆ, ಅರ್ಧ ಪಿಸುವಿಗೆ.

“ನಾನಾ? ಗೊತ್ತಿಲ್ದಿರೋರ ಹತ್ರ ಫೋನಲ್ಲಿ ನಂಗೆ...”

“ನಂಗೆ ಬೇಕಾದ ಉತ್ತರ ಸಿಕ್ಕಿದ್ರೆ ನಾನು ಸಾಕು ಅಂತ ಫೋನಿಡ್ತೀನಿ. ಏಳು ವರ್ಷ ಹಾಗೇ ಮಾಡಿದೀನಿ. ನೀನು ಕೇಳು.”

ಮೊದಲನೆಯ ನಂಬರಿಗೆ ಉತ್ತರವಿಲ್ಲ, ಅವಳಿಗೆ ಜೀವ ಬಂದಂತಾಯಿತು. ಎರಡನೆಯ ಮನೆಯ ಅಜ್ಜ ವ್ಯಾನು ಬರುವ ಹೊತ್ತಿಗಾಗಲೇ ನಡೆಯುತ್ತಿದ್ದರಂತೆ. ಕುರ್ಚಿ ಹೋದದ್ದೇ ಒಳ್ಳೆಯದಾಯಿತು, ಮೊಮ್ಮಕ್ಕಳು ಅದರಲ್ಲಿ ರೇಸ್ ಆಡುತ್ತಿದ್ದರು ಎಂದು ನಕ್ಕರು. ಮೂರು, ನಾಲ್ಕು, ಐದು. ಕುರ್ಚಿ ಬಳಸುತ್ತಿದ್ದವರು ಮೊದಲೇ ತೀರಿಕೊಂಡಿದ್ದ ಮನೆಗಳು. ನಿಯಮ ತಪ್ಪೇನಲ್ಲ ಎಂದು ಅನ್ನಿಸತೊಡಗಿದಾಗ ಒಂಬತ್ತನೆಯ ನಂಬರು ಹತ್ತಿತು. ಒಬ್ಬ ಹೆಂಗಸಿನ ದನಿ, ಹಿಂದೆ ಹೊಲಿಗೆ ಯಂತ್ರದ ಸದ್ದು.

“ವೀಲ್‌ಚೇರಾ? ಹೌದು, ನೀವೇ ಬಂದು ತಗೊಂಡು ಹೋದ್ರಲ್ಲ. ಯಾಕೆ, ಏನಾದ್ರೂ ಸಹಿ ಬಾಕಿ ಇತ್ತಾ?”

“ಇಲ್ಲ ಅಕ್ಕ, ಸಹಿ ಅಲ್ಲ. ಆಗ ನೀವು ಅದನ್ನ ಬಳಸ್ತಿದ್ರಾ?”

ಹೊಲಿಗೆ ಯಂತ್ರ ನಿಂತಿತು. “ನಮ್ಮಮ್ಮನಿಗೆ. ದಿನಾ ಅಲ್ಲ. ವಾರಕ್ಕೊಂದ್ಸಲ ಆಚೆ ಕರ್ಕೊಂಡು ಹೋಗ್ತಿದ್ದೆ. ಅಷ್ಟಕ್ಕೆಲ್ಲ ಇಟ್ಕೊಳ್ಳೋದು ಸರಿಯಲ್ಲ, ದಿನಾ ಬೇಕಾದವ್ರು ಇರ್ತಾರೆ ಅಂತ ಅಮ್ಮನೇ ಕೊಟ್ಬಿಡು ಅಂದ್ರು.”

ಇಲ್ಲಿಗೆ ಫೋನಿಡಬಹುದಿತ್ತು. ಪಟ್ಟಿಯಲ್ಲಿ ‘ಸ್ವಂತ ಇಚ್ಛೆಯಿಂದ’ ಎಂದು ಬರೆಯಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಅಮ್ಮ ಈಗ...”

“ಇದ್ದಾರೆ. ಒಳಗೆ.”

“ಈಗ ಆಚೆ ಹೇಗೆ ಹೋಗ್ತಾರೆ?”

“ಹೋಗಲ್ಲ,” ಎಂದಿತು ದನಿ. “ನಮ್ಮನ್ನ ಯಾರೂ ಕೇಳ್ಲಿಲ್ಲ ನೋಡಿ, ನಾವೂ ಹೇಳ್ಲಿಲ್ಲ.”

ಪಿಸು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಚಿಕ್ಕಮ್ಮನ ಕಡೆ ತಿರುಗಿದಳು. ಚಿಕ್ಕಮ್ಮ ತನ್ನ ಪಟ್ಟಿಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಅವಳು ಒಂದೂ ಪ್ರಶ್ನೆ ಕೇಳದೆ ಪೆನ್ನು ತೆಗೆದು, ಖಾಲಿ ಹಾಳೆಯ ಮೇಲೆ ‘ವಿಳಾಸ’ ಎಂದು ಬರೆದು ಪಿಸುವಿನ ಮುಂದೆ ತಳ್ಳಿದಳು.

“ಅಕ್ಕ, ಇನ್ನೊಂದು ಗಂಟೆ ಮನೇಲಿರ್ತೀರಾ?” ಎಂದು ಪಿಸು ಕೇಳಿದಳು. “ಮತ್ತೆ, ನಿಮ್ಮ ಬಾಗಿಲಿಗೆ ಹೊಸ್ತಿಲು ಎಷ್ಟು ಎತ್ತರ ಇದೆ?”